ಸಹಾಯ ಬೇಕು: ಎಂಎಲ್‌ಪಿಎ ನೆಗೆಟಿವ್, ಆದ್ರೂ ಡುಶೆನ್ ಅಂತಾರೆ. ಮುಂದೇನು?

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಆರು ವರ್ಷ. ಮೆಟ್ಟಿಲು ಹತ್ತೋಕೆ ಕಷ್ಟ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಊರಿ ಏಳ್ತಾನೆ. ಮೀನಖಂಡ ದಪ್ಪ ಇದೆ. ‘ಗಟ್ಟಿಮುಟ್ಟಾಗಿದಾನೆ ಬಿಡು’ ಅಂತ ನಮ್ಮತ್ತೆ ಖುಷಿಪಡ್ತಿದ್ರು, ನಾವೂ ನಂಬಿದ್ವಿ.

ಸಿಪಿಕೆ (ಸ್ನಾಯು ಹಾಳಾದಾಗ ರಕ್ತದಲ್ಲಿ ಏರೋ ಕಿಣ್ವ) 14,000 ದಾಟಿತ್ತು. ಡಾಕ್ಟರು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಬರ್ತಾ ಬರ್ತಾ ಸೊರಗೋ ಜೀನಿನ ಕಾಯಿಲೆ) ಇರಬಹುದು ಅಂತ ರಕ್ತ ತಗೊಂಡು ಎಂಎಲ್‌ಪಿಎ ಅನ್ನೋ ಜೀನ್ ಟೆಸ್ಟ್ ಮಾಡಿಸಿದ್ರು. ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಮಾಡೋ ಜೀನಿನ 79 ಎಕ್ಸಾನ್‌ಗಳಲ್ಲಿ (ಜೀನಿನ ತುಂಡುಗಳಲ್ಲಿ) ಯಾವುದೂ ಬಿಟ್ಟುಹೋಗಿಲ್ಲ, ಯಾವುದೂ ಎರಡೆರಡು ಸಲ ಬಂದಿಲ್ಲ ಅಂತ ರಿಪೋರ್ಟ್. ಕಾಯಿಲೆ ಇಲ್ಲ ಅಂದ್ಕೊಂಡು ದೇವರಿಗೆ ಹಣ್ಣುಕಾಯಿ ಮಾಡಿಸಿಬಂದೆ. ಆಮೇಲೆ ಡಾಕ್ಟರು ಹೇಳಿದ್ದು: ಈ ಟೆಸ್ಟ್ ದೊಡ್ಡ ತುಂಡು ಹೋಗಿದ್ರೆ ಇಲ್ಲಾ ಎರಡೆರಡು ಸಲ ಬಂದಿದ್ರೆ ಮಾತ್ರ ಹಿಡಿಯತ್ತೆ, ಒಂದೇ ಅಕ್ಷರ ತಪ್ಪಿದ್ರೆ, ಜೀನನ್ನ ಅಕ್ಷರ ಅಕ್ಷರವಾಗಿ ಓದೋ ಸೀಕ್ವೆನ್ಸಿಂಗ್‌ನಲ್ಲೇ ಸಿಗೋದು.

ಇನ್ನೊಬ್ಬ ಡಾಕ್ಟರು, ಸ್ನಾಯುವಿನ ಬಯಾಪ್ಸಿ ಮಾಡಿ (ಸಣ್ಣ ಚೂರು ತೆಗೆದು) ಡಿಸ್ಟ್ರೋಫಿನ್ ಇದೆಯಾ ನೋಡೋಣ ಅಂತಾರೆ. ಮಗುಗೆ ಕೊಯ್ಯೋದು ಅಂದ್ರೆ ಕೈಕಾಲು ನಡುಗತ್ತೆ.

ಇದರ ಮಧ್ಯೆ ನನ್ನ ತಂಗಿ ಎಂಟು ವಾರದ ಬಸುರಿ. ಅವಳ ಸಿಪಿಕೆ ನಾರ್ಮಲ್ ಇದೆ, ಆದ್ರೆ ಅದೊಂದನ್ನೇ ನೋಡಿ ವಾಹಕಿ (ತಪ್ಪು ಜೀನನ್ನ ಮಕ್ಕಳಿಗೆ ದಾಟಿಸಬಲ್ಲವಳು) ಅಲ್ಲ ಅನ್ನೋಕಾಗಲ್ಲವಂತೆ. ಮೊದಲು ನನ್ನ ಮಗನ ಜೀನಲ್ಲಿರೋ ತಪ್ಪು (ಮ್ಯುಟೇಷನ್) ಯಾವುದು ಅಂತ ಗೊತ್ತಾಗಬೇಕಂತೆ. ಗರ್ಭದ ಪರೀಕ್ಷೆಗೆ 11ನೇ ವಾರದಿಂದ ಅವಕಾಶ. ಉಳಿದಿರೋದು ಮೂರೇ ವಾರ.

ಇದೇ ದಾರಿಯಲ್ಲಿ ಹೋದವರು ಹೇಳಿ: ಎಂಎಲ್‌ಪಿಎ ನೆಗೆಟಿವ್ ಬಂದ ಮೇಲೆ ನೀವು ನೇರ ಸೀಕ್ವೆನ್ಸಿಂಗ್‌ಗೆ ಹೋದ್ರಾ, ಬಯಾಪ್ಸಿ ಮೊದಲು ಮಾಡಿಸಿದ್ರಾ? ಸೀಕ್ವೆನ್ಸಿಂಗ್ ರಿಪೋರ್ಟ್ ಕೈಗೆ ಬರೋಕೆ ಎಷ್ಟು ದಿನ ಹಿಡೀತು?