ಪ್ರಶ್ನೋತ್ತರ: ರಸ್ತೆಯ ಗೆರೆ ಬೀಳುವ ಮೊದಲು ಗುಡ್ಡದ ನೀರಿನ ಲೆಕ್ಕ ಕೊಡುವುದು ಹೇಗೆ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಅಡಿಕೆ ಕೃಷಿಕರು):
ನಮಸ್ತೆ ಸರ್. ನಮ್ಮ ಮನೆಯ ಹಿಂದಿನ ಗುಡ್ಡ ಕಡಿದು ರಸ್ತೆ ಬರುತ್ತದಂತೆ. ಸರ್ವೆಯವರು ಬಂದು ಹೋದರು. ಆ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ನಮ್ಮದೂ ನೆರೆಯವರದ್ದೂ ಸುರಂಗಗಳಿವೆ. ಕುಡಿಯಲಿಕ್ಕೂ ತೋಟಕ್ಕೂ ಅದೇ ನೀರು. ಕೇಳಿದರೆ, "ಪರಿಸರ ವರದಿ ಆಮೇಲೆ ಮಾಡ್ತಾರೆ, ಆಗ ಹೇಳಿ" ಅಂದರು. ಅಲ್ಲಿವರೆಗೆ ಕಾಯಬಹುದಾ?

ಉತ್ತರ (ರಸ್ತೆ ಯೋಜನಾ ಇಂಜಿನಿಯರ್):
ಕಾಯಬೇಡಿ ಅಣ್ಣ. ಈಗಲೇ ಹೇಳಬೇಕು.

ರಸ್ತೆ ಎಲ್ಲಿ ಹೋಗಬೇಕು ಅನ್ನುವುದು ತೀರ್ಮಾನ ಆಗುವುದು ಮೊದಲ ಹಂತದಲ್ಲಿ. ನಕ್ಷೆಯ ಮೇಲೆ ಎರಡು ಮೂರು ಅಲೈನ್‌ಮೆಂಟ್ (ರಸ್ತೆ ಹೋಗುವ ದಾರಿಯ ಗೆರೆ) ಎಳೆದು, ಖರ್ಚು ಹೋಲಿಸಿ, ಒಂದನ್ನು ಆರಿಸುತ್ತಾರೆ. ಆಮೇಲೆ ಡಿಪಿಆರ್ (ವಿವರವಾದ ಯೋಜನಾ ವರದಿ), ಭೂಸ್ವಾಧೀನ. ಪರಿಸರ ವರದಿ ಬರುವ ಹೊತ್ತಿಗೆ ಗೆರೆ ಗಟ್ಟಿಯಾಗಿರುತ್ತದೆ. ಆಗ ನಿಮ್ಮ ಸುರಂಗದ ಸುದ್ದಿ ಹೇಳಿದರೆ ಚರಂಡಿ ಅಗಲ ಮಾಡ್ತೇವೆ, ಗಿಡ ನೆಡ್ತೇವೆ ಅಂತ ಬರೆದುಕೊಳ್ಳುತ್ತಾರೆ. ರಸ್ತೆ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಆ ವರದಿ ಮಾಡುವುದು ಪರಿಸರ ಅನುಮತಿಗಾಗಿ; ಎಲ್ಲ ರಸ್ತೆಗೂ ಆ ಅನುಮತಿ ಬೇಕಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಹೊಸ ರಾಷ್ಟ್ರೀಯ ಹೆದ್ದಾರಿ, ಹೊಸ ರಾಜ್ಯ ಹೆದ್ದಾರಿ ಇವೆ. ಇದ್ದ ರಾಷ್ಟ್ರೀಯ ಹೆದ್ದಾರಿಯನ್ನು ಅಗಲ ಮಾಡುವುದಾದರೆ, 2013ರ ತಿದ್ದುಪಡಿಯಂತೆ, ಉದ್ದ 100 ಕಿ.ಮೀ. ದಾಟಬೇಕು. ಜೊತೆಗೆ ಹೆಚ್ಚುವರಿ ಜಾಗದ ಅಗಲ 40 ಮೀಟರಿಗಿಂತ ಜಾಸ್ತಿ ಇರಬೇಕು. ಬೈಪಾಸ್ ಆದರೆ 60 ಮೀಟರ್. ರಾಜ್ಯ ಹೆದ್ದಾರಿ ಅಗಲೀಕರಣಕ್ಕೆ ಅನುಮತಿ ಬೇಕಾಗುವುದು 1000 ಮೀಟರಿಗಿಂತ ಎತ್ತರದ ಗುಡ್ಡ ಪ್ರದೇಶದಲ್ಲಿ ಅಥವಾ ಸೂಕ್ಷ್ಮ ಪರಿಸರದಲ್ಲಿ. ನಮ್ಮ ಪೊಸಡಿ ಗುಂಪೆ ಗುಡ್ಡವೂ ಅಷ್ಟು ಎತ್ತರ ಇಲ್ಲ. ಪಂಚಾಯತ್ ರಸ್ತೆ ಪಟ್ಟಿಯಲ್ಲೇ ಇಲ್ಲ. ರೈಲು ಮಾರ್ಗವೂ ಇಲ್ಲ. ಅಂದರೆ ನೀವು ಕಾಯುತ್ತಿರುವ ಆ ವರದಿ ಬರದೇ ಹೋಗಬಹುದು!

ಸುರಂಗಕ್ಕೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆ ನೀರು ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆ) ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಶೇಡಿ ಮಣ್ಣು (ನುಣುಪಾದ ಜೇಡಿಯಂಥ ಮಣ್ಣು) ಸಿಕ್ಕಿದ ಕೂಡಲೇ ಮುಂದೆ ಸುಲಭಕ್ಕೆ ಇಳಿಯುವುದಿಲ್ಲ, ಅಡ್ಡಕ್ಕೆ ಹರಿಯುತ್ತದೆ. ಆ ಒಸರನ್ನೇ ನಿಮ್ಮ ಹಿರಿಯರು ಸುರಂಗ ಕೊರೆದು ಹಿಡಿದದ್ದು. ಸುರಂಗದ ಬಾಯಿಯಿಂದ ದೂರದಲ್ಲಿ, ಗುಡ್ಡದ ಮೇಲ್ಭಾಗದಲ್ಲಿ ಕಡಿದರೂ ಒಸರು ಆ ಕಡಿದ ಮುಖದಲ್ಲೇ ಹೊರಗೆ ಬಂದು ಚರಂಡಿ ಸೇರುತ್ತದೆ. ನಿಮ್ಮ ಟಾಂಕಿಗೆ ಬೀಳುವ ನೀರು ಸಪೂರವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ರಸ್ತೆಗೂ ಇದು ಒಳ್ಳೆಯದಲ್ಲ. ನೆನೆದ ಶೇಡಿ ಮಣ್ಣು ಜಾರುತ್ತದೆ. ಗುಡ್ಡ ಕಡಿದರೆ ಏನಾಗಬಹುದು ಅನ್ನುವುದನ್ನು 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಕುಸಿದಾಗ ನೋಡಿದ್ದೇವೆ.

ಹಾಗಾಗಿ ಈಗಲೇ ಒಂದು ನೀರಿನ ನಕ್ಷೆ ಮಾಡಿ. ಗ್ರಾಮದ ಸರ್ವೆ ನಕ್ಷೆ ತೆಗೆದುಕೊಂಡು ಪ್ರತಿ ಸುರಂಗದ ಬಾಯಿ ಎಲ್ಲಿದೆ, ಒಳಗೆ ಯಾವ ದಿಕ್ಕಿಗೆ ಎಷ್ಟು ಕೋಲು (ನಮ್ಮ ಕಡೆಯ ಉದ್ದದ ಅಳತೆ) ಹೋಗಿದೆ, ಸರ್ವೆ ನಂಬರ್ ಏನು ಅಂತ ಗುರುತಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಕೊಡಪಾನ ತುಂಬಲು ಎಷ್ಟು ನಿಮಿಷ ಬೇಕು ಅಂತ ಬರೆದಿಡಿ, ತಾರೀಕಿನ ಜೊತೆ. ಕೊಡಪಾನ ಎಷ್ಟು ಲೀಟರಿನದ್ದು ಅಂತಲೂ ಬರೆಯಿರಿ. ಅಳತೆ ಇದ್ದರೆ ಇಂಜಿನಿಯರ್ ಅದನ್ನು ತಳ್ಳಿ ಹಾಕುವುದು ಕಷ್ಟ. ತೋಡಿಗೆ (ಹಳ್ಳಕ್ಕೆ) ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಹಾಕುವ ಜಾಗಗಳನ್ನೂ ಸೇರಿಸಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಲೋಕೋಪಯೋಗಿ ಕಚೇರಿಗೆ ಕೊಟ್ಟು ಸ್ವೀಕೃತಿ ನಂಬರ್ ಪಡೆಯಿರಿ. ಅರ್ಜಿಯಲ್ಲಿ "ರಸ್ತೆ ಬೇಡ" ಅಂತ ಮಾತ್ರ ಬರೆದರೆ ಉಪಯೋಗ ಕಡಿಮೆ. ಬೇರೆ ಯಾವ ಅಲೈನ್‌ಮೆಂಟ್ ಪರಿಶೀಲಿಸಿದ್ದೀರಿ, ಅದನ್ನು ಯಾಕೆ ಬಿಟ್ಟಿರಿ ಅಂತ ಕೇಳಿ.

ಪ್ರಶ್ನೆ (ಬದಿಯಡ್ಕದ ಒಬ್ಬರು ಟೀಚರ್):
ನಮ್ಮಲ್ಲಿ ಗುಡ್ಡ ಅಲ್ಲ, ಬೈಲು. ಗದ್ದೆಗೆ ಮಣ್ಣು ತುಂಬಿಸಿ ರಸ್ತೆ ಏರಿಸುತ್ತಾರಂತೆ. ಪರಿಸರ ಅನುಮತಿ ಬೇಡದ ರಸ್ತೆ ಆದರೆ ನಮಗೆ ದಾರಿಯೇ ಇಲ್ವಾ?

ಉತ್ತರ:
ಇದೆ ಟೀಚರ್. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನು. ಸಾರ್ವಜನಿಕ ಉದ್ದೇಶಕ್ಕೆ ಗದ್ದೆ ತುಂಬಿಸಬೇಕಾದರೂ ಸರ್ಕಾರ ವಿನಾಯಿತಿ ಕೊಡಬೇಕು. ಅದಕ್ಕೆ ಮೊದಲು ಸ್ಥಳೀಯ ನಿಗಾ ಸಮಿತಿಯ ವರದಿ ಬೇಕು. ಬೇರೆ ಜಾಗ ಇಲ್ಲ ಅನ್ನುವುದು ಖಚಿತ ಆಗಬೇಕು. ಪಂಚಾಯತ್ ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ರೈತ ಪ್ರತಿನಿಧಿಗಳು ಆ ಸಮಿತಿಯಲ್ಲಿರುತ್ತಾರೆ. ನಿಮ್ಮ ಗದ್ದೆ ಡೇಟಾ ಬ್ಯಾಂಕಿನಲ್ಲಿ (ಈ ಕಾನೂನಿನಡಿ ಮಾಡಿದ ಗದ್ದೆಗಳ ಪಟ್ಟಿ) ಉಂಟಾ ಅಂತ ಕೃಷಿ ಭವನದಲ್ಲಿ ಮೊದಲು ನೋಡಿ.

2025ರ ಮೇಯಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆಯ ಮೇಲೆ ಏರಿಸಿದ ರಾಷ್ಟ್ರೀಯ ಹೆದ್ದಾರಿ 66 ಕುಸಿಯಿತು. ಆಮೇಲೆ ಅಲ್ಲಿ ಕಂಬದ ಮೇಲೆ ರಸ್ತೆ ಮಾಡುವ ತೀರ್ಮಾನಕ್ಕೆ ಬಂದರು. ಮಣ್ಣಿನ ಏರಿಯೋ ಕಂಬವೋ ಅನ್ನುವ ಹೋಲಿಕೆಯನ್ನು ಮೊದಲೇ ಕೇಳಿ. ಕಂಬ ಆದರೆ ಬೈಲಿನ ನೀರು ಕೆಳಗಿಂದ ಹರಿದು ಹೋಗುತ್ತದೆ.

ಪ್ರಶ್ನೆ (ಮಂಜೇಶ್ವರದ ಇಂಜಿನಿಯರಿಂಗ್ ವಿದ್ಯಾರ್ಥಿ):
ಸರ್, ಯೋಜನೆಯನ್ನೂ ಪರಿಸರ ಪರಿಶೀಲನೆಯನ್ನೂ ಮೊದಲೇ ಜೋಡಿಸುವ ಪದ್ಧತಿ ಎಲ್ಲಾದರೂ ಇದೆಯಾ?

ಉತ್ತರ:
ಅಮೆರಿಕದಲ್ಲಿದೆ. ಅವರ ಪರಿಸರ ನೀತಿ ಕಾನೂನು 1970ರ ಜನವರಿ 1ರಂದು ಬಂತು. ಯೋಜನಾ ಹಂತದ ಅಧ್ಯಯನವನ್ನೇ ಪರಿಸರ ಪರಿಶೀಲನೆಯಲ್ಲಿ ಬಳಸಲು 2012ರ ಸಾರಿಗೆ ಕಾನೂನು ಸ್ಪಷ್ಟ ದಾರಿ ಮಾಡಿತು. ಷರತ್ತುಗಳಿವೆ. ಅಧ್ಯಯನ ಬರಹದಲ್ಲಿರಬೇಕು, ಜನರಿಗೆ ಮಾತಾಡುವ ಅವಕಾಶ ಸಿಕ್ಕಿರಬೇಕು, 5 ವರ್ಷಕ್ಕಿಂತ ಹಳೆಯದಾಗಿರಬಾರದು. ಒಂದೇ ಕೆಲಸ ಎರಡು ಸಲ ಮಾಡುವುದು ತಪ್ಪುತ್ತದೆ.

ನಮ್ಮಲ್ಲಿ ಕಾನೂನು ಹಾಗಿಲ್ಲ. ಸೇಲಂ–ಚೆನ್ನೈ ಎಂಟು ಪಥದ ರಸ್ತೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು: ಭೂಸ್ವಾಧೀನದ ಅಧಿಸೂಚನೆಗೆ ಮೊದಲೇ ಪರಿಸರ ಅನುಮತಿ ಬೇಕಿಲ್ಲ, ಕೆಲಸ ಶುರುವಾಗುವ ಮೊದಲು ಇದ್ದರೆ ಸಾಕು. ಕಾನೂನಿನ ಮಟ್ಟಿಗೆ ಅದು ಸರಿ ಇರಬಹುದು. ಆದರೆ ಜಾಗ ಗುರುತಾದ ಮೇಲೆ ಬೇರೆ ದಾರಿ ಹುಡುಕುವ ಮನಸ್ಸು ಯಾವ ಕಚೇರಿಗೂ ಇರುವುದಿಲ್ಲ. ಇದನ್ನು ನಾನು ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ನೀನು ಈ ಕ್ಷೇತ್ರಕ್ಕೆ ಬಂದರೆ ಮೊದಲ ನಕ್ಷೆಯ ಮೇಲೇ ತೋಡು, ಪಳ್ಳ (ನೀರು ನಿಲ್ಲುವ ಹೊಂಡ), ಸುರಂಗ ಗುರುತಿಸುವ ಅಭ್ಯಾಸ ಮಾಡಿಕೋ ತಮ್ಮ.

ಪೆರ್ಲದವರು ಮತ್ತೆ:
ತುಂಬ ಉಪಕಾರ ಸರ್. ಸಾರ್ವಜನಿಕ ಅಹವಾಲು ಸಭೆ ನಡೆದರೆ ಕಾಗದ ಪತ್ರ ಕನ್ನಡದಲ್ಲಿ ಸಿಗುತ್ತದಾ? ನಡುವೆ ಭೂಸ್ವಾಧೀನದ ನೋಟಿಸ್ ಬಂದರೆ?

ಉತ್ತರ:
ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಇಲ್ಲಿ ಮಲಯಾಳದ ಜೊತೆ ಕನ್ನಡದ ಪ್ರತಿಯೂ ಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗೂ ಮುಂಚಿತವಾಗಿ ಬರೆಯಿರಿ. ನಿಮ್ಮ ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಇಲ್ಲಿನ ಕನ್ನಡಿಗರಿಗೆ ರಾಜ್ಯ ಸರ್ಕಾರದ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿದೆ.

ನೋಟಿಸ್ ವಿಷಯ: ರಾಷ್ಟ್ರೀಯ ಹೆದ್ದಾರಿ ಆದರೆ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಲಿಖಿತ ಆಕ್ಷೇಪ ಕೊಡಬೇಕು. ಪರಿಹಾರದ ಮೊತ್ತದ ಬಗ್ಗೆ ಮಾತ್ರ ಬರೆದು ನಿಲ್ಲಿಸಬೇಡಿ, ನೀರಿನ ನಕ್ಷೆಯ ಪ್ರತಿ ಲಗತ್ತಿಸಿ. ಈ ಬೇಸಿಗೆಯ ಅಳತೆ ಆದ ಕೂಡಲೇ ಇಲ್ಲಿ ಹಾಕಿ, ಅರ್ಜಿಯ ಒಕ್ಕಣೆ ಒಟ್ಟಿಗೆ ಕುಳಿತು ತಿದ್ದೋಣ.