ಸದನ ಸಮಿತಿ ಮುಂದೆ ಪೊಲೀಸ್ನೋರು ಪ್ರಮಾಣ ಮಾಡಿ ಹೇಳ್ಬೇಕಾ? (ವಕೀಲರನ್ನ ಕೇಳಿ)

ಪ್ರಶ್ನೆ, ವಿಜಯನಗರದಿಂದ (ಹೆಸರು ಬೇಡ ಅಂದಿದ್ದಾರೆ):

ಮೇಡಂ ನಮಸ್ಕಾರ. ನಮ್ಮಣ್ಣ ಬೆಂಗಳೂರಲ್ಲೇ ಪಿಎಸ್‌ಐ, ಯಾವ ಠಾಣೆ ಅಂತ ಬರೆಯಲ್ಲ. ಹೋದ ವರ್ಷ ಅವನ ಲಿಮಿಟ್ಸಲ್ಲಿ ಒಂದು ಮೆರವಣಿಗೆ ಬಂದೋಬಸ್ತಲ್ಲಿ ಲಾಠಿ ಚಾರ್ಜ್ ಆಗಿ ಕೆಲವರಿಗೆ ಏಟು ಬಿತ್ತು. ಈಗ ಸದನ ಸಮಿತಿ ಕರೆಯುತ್ತೆ, ಪ್ರಮಾಣ ಮಾಡಿಸಿ ಹೇಳಿಕೆ ತಗೋತಾರೆ ಅಂತ ಸ್ಟೇಷನ್ನಲ್ಲಿ ಮಾತು. ರಾತ್ರಿ ಊಟಕ್ಕೆ ಕೂತ್ರೆ ತಟ್ಟೆ ನೋಡ್ಕೊಂಡು ಸುಮ್ನೆ ಕೂತಿರ್ತಾನೆ, ಅನ್ನ ಆರಿ ಹೋಗುತ್ತೆ. "ಕೋರ್ಟಲ್ಲಿ ನೂರು ಸಲ ಬಾಕ್ಸ್ ಹತ್ತಿದೀನಿ, ಅದಕ್ಕೆ ಹೆದರಲ್ಲ, ಇಲ್ಲಿ ಕೇಳೋರು ಎಂಎಲ್‌ಎಗಳು, ತೀರ್ಪು ಕೊಡೋರೂ ಅವರೇ" ಅಂತಾನೆ. ನಮ್ಮ ಯಜಮಾನ್ರು "ಜನ ಆರಿಸಿ ಕಳಿಸಿದೋರ ಮುಂದೆ ಸತ್ಯ ಹೇಳ್ತೀನಿ ಅಂತ ಪ್ರಮಾಣ ಮಾಡಕ್ಕೆ ಏನು ಕಷ್ಟ" ಅಂತಾರೆ. ಇಬ್ಬರ ಮಾತೂ ಸರಿ ಅನ್ಸುತ್ತೆ ನಂಗೆ. ನೀವು ಹೇಳಿ ಮೇಡಂ.

ಉತ್ತರ (ಅಡ್ವೊಕೇಟ್, ಕ್ರಿಮಿನಲ್ ಸೈಡ್):

ನೋಡಿಮ್ಮ, ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಪ್ರಮಾಣ ಮಾಡಿಸ್ಲೇಬೇಕು, ನಿಮ್ಮಣ್ಣನ ಒಳ್ಳೇದಕ್ಕೇ ಈ ಮಾತು. ಆದ್ರೆ ಅವರೊಬ್ಬರಿಗೇ ಮಾಡಿಸಿ ಮೇಲಿನೋರನ್ನ ಬಿಡೋದು ಮಹಾ ಅನ್ಯಾಯ.

ಮೊದ್ಲು ಕಾನೂನು. ವಿಧಾನಸಭೆಗೆ ಹೀಗೆ ಕರೆಸಿ ಕೇಳೋ ಅಧಿಕಾರ ಸಂವಿಧಾನದ 194(3)ರಿಂದ ಬರುತ್ತೆ, ಸಂಸತ್ತಿಗೆ 105ರಿಂದ. ಲೋಕಸಭೆ ನಿಯಮ ತೆಗೆದು ನೋಡಿದ್ರೆ 270ರಲ್ಲಿ ಸಮಿತಿ ಜನರನ್ನೂ ಕಡತಗಳನ್ನೂ ತರಿಸ್ಕೋಬಹುದು ಅಂತಿದೆ, 272ರಲ್ಲಿ ಸಾಕ್ಷಿಗೆ ಪ್ರಮಾಣ ಮಾಡಿಸಬಹುದು ಅಂತಿದೆ. ಗಮನಿಸಿ, ಮಾಡಿಸಬಹುದು, ಮಾಡಿಸಲೇಬೇಕು ಅಂತ ಅಲ್ಲ. ಎಲ್ಲಾ ಎಡವಟ್ಟು ಈ ಒಂದು ಪದದಲ್ಲೇ ಇದೆ, ಯಾಕಂದ್ರೆ ಯಾರಿಗೆ ಮಾಡಿಸ್ಬೇಕು ಯಾರಿಗೆ ಬಿಡ್ಬೇಕು ಅನ್ನೋದು ಸಮಿತಿ ಇಷ್ಟ ಆಗ್ಬಿಡುತ್ತೆ.

ಪ್ರಮಾಣ ಮಾಡಿದ್ರೆ ಏನಾಗುತ್ತೆ? 1969ರ ಪ್ರಮಾಣ ಕಾಯ್ದೆ ಪ್ರಕಾರ ಸತ್ಯ ಹೇಳೋಕೆ ಕಾನೂನಿನ ಬಂಧನ ಬರುತ್ತೆ. ದೇವರ ಹೆಸರು ಬೇಡ ಅಂದ್ರೆ ದೃಢೀಕರಣ ಮಾಡಿದ್ರೂ ಸಾಕು, ಎರಡಕ್ಕೂ ಒಂದೇ ಬೆಲೆ. ಆಮೇಲೆ ಬೇಕಂತಲೇ ಸುಳ್ಳು ಹೇಳಿದ್ರೆ ಭಾರತೀಯ ನ್ಯಾಯ ಸಂಹಿತೆಯ 227, 229. ನಾವು ಹಳಬರು ಐಪಿಸಿ 191, 193 ಅಂತಿದ್ವಲ್ಲ ಅದೇ, 2024ರ ಜುಲೈ 1ರಿಂದ ನಂಬರ್ ಬದಲಾಯ್ತು. ಕೋರ್ಟ್ ಕಲಾಪದಲ್ಲಿ ಸುಳ್ಳು ಸಾಕ್ಷಿ ಆದ್ರೆ 7 ವರ್ಷದವರೆಗೆ, ಬೇರೆ ಕಡೆ ಆದ್ರೆ 3 ವರ್ಷದವರೆಗೆ. ಸದನ ಸಮಿತಿ ನಾನು ಓದ್ಕೊಂಡಿರೋ ಪ್ರಕಾರ ಎರಡನೇದಕ್ಕೆ ಬರುತ್ತೆ.

ಈಗ ಪ್ರಮಾಣ ಇಲ್ದೆ ಹೇಳಿದ್ರು ಅಂದ್ಕೊಳ್ಳಿ. ಸೇಫ್ ಅಂತ ಎಲ್ಲರೂ ಅಂದ್ಕೋತಾರೆ, ಹಾಗಿಲ್ಲ. ಸಮಿತಿ ಮುಂದೆ ಸುಳ್ಳು ಹೇಳೋದು, ನುಣುಚ್ಕೊಳ್ಳೋದು ಸದನದ ಹಕ್ಕುಚ್ಯುತಿ, ಅಂದ್ರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ, ಅದಕ್ಕೆ ಪ್ರಮಾಣವೇ ಬೇಕಾಗಿಲ್ಲ. ಆಗ ದೂರು ಕೊಡೋರೂ ಅವರೇ, ವಿಚಾರಣೆ ಮಾಡೋರೂ ಅವರೇ, ಶಿಕ್ಷೆ ಹೇಳೋರೂ ಅವರೇ. ನಿಮ್ಮಣ್ಣನ ಭಯ ಸುಳ್ಳಲ್ಲ. 2023ರ ಮಾರ್ಚಲ್ಲಿ ಉತ್ತರ ಪ್ರದೇಶ ವಿಧಾನಸಭೆ ತಾನೇ ಕೋರ್ಟ್ ಥರ ಕೂತು 6 ಜನ ಪೊಲೀಸರಿಗೆ ಅವತ್ತು ಮಧ್ಯರಾತ್ರಿವರೆಗೆ ಬಂಧನದ ಶಿಕ್ಷೆ ಕೊಡ್ತು, ಕಾನ್ಪುರದಲ್ಲಿ 2004ರಲ್ಲಿ ಒಬ್ಬ ಶಾಸಕರ ಮೇಲೆ ಲಾಠಿ ಬೀಸಿದ್ದಕ್ಕೆ, ಅಂದ್ರೆ 18 ವರ್ಷ ದಾಟಿದ ಮೇಲೆ. ನಮ್ಮಲ್ಲೇ 2017ರಲ್ಲಿ ವಿಧಾನಸಭೆ ಇಬ್ಬರು ಪತ್ರಕರ್ತರಿಗೆ 1 ವರ್ಷ ಜೈಲು ಅಂತ ಹೇಳಿತ್ತು, ನೆನಪಿರಬೇಕು ಎಲ್ಲರಿಗೂ.

ಅದೇ ಪ್ರಮಾಣದ ಮೇಲೆ ಹೇಳಿಕೆ ಕೊಟ್ಟಿದ್ರೆ ಸುಳ್ಳು ಅಂತ ಆರೋಪ ಮಾಡೋರು ಕೋರ್ಟಿಗೆ ಬಂದು ಸಾಬೀತು ಮಾಡ್ಬೇಕು. ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ರು ಅಂತ ತೋರಿಸ್ಬೇಕು. ನಿಮಗೆ ವಕೀಲರಿರ್ತಾರೆ, ಅಪೀಲ್ ಇರುತ್ತೆ. ಹಕ್ಕುಚ್ಯುತಿ ಬಾಗಿಲು ಪೂರ್ತಿ ಮುಚ್ಚಲ್ಲ ನಿಜ, ಆದ್ರೂ "ನಾನು ಪ್ರಮಾಣ ಮಾಡಿ ಹೇಳಿದೀನಿ, ತಪ್ಪಿದ್ರೆ ಕೋರ್ಟಿಗೆ ಕರ್ಕೊಂಡು ಹೋಗಿ" ಅನ್ನೋಕೆ ನಿಂತ್ಕೊಳ್ಳೋ ಜಾಗ ಸಿಗುತ್ತೆ.

ಕಾಮೆಂಟ್, ರಿಟೈರ್ಡ್ ಎಎಸ್‌ಐ, ರಾಜಾಜಿನಗರ:

ಮೇಡಂ ನೀವು ಹೇಳಿದ್ದು ಪುಸ್ತಕದಲ್ಲಿ ಸರಿ. 34 ವರ್ಷ ಸರ್ವಿಸ್ ಮಾಡಿದೋನು ಹೇಳ್ತೀನಿ ಕೇಳಿ. ಹೊಡೀರಿ ಅನ್ನೋ ಮಾತು ವೈರ್‌ಲೆಸ್ಸಲ್ಲಿ ಬರಲ್ಲ, ಮೊಬೈಲಲ್ಲಿ ಬರುತ್ತೆ, ಅದೂ ವಾಟ್ಸಾಪ್ ಕಾಲಲ್ಲಿ. ವೈರ್‌ಲೆಸ್ಸಲ್ಲಿ "ಪರಿಸ್ಥಿತಿ ನೋಡ್ಕೊಂಡು ಕ್ರಮ ತಗೊಳ್ಳಿ" ಅಂತ ಮಾತ್ರ ಇರುತ್ತೆ. ನಾಳೆ ಪ್ರಮಾಣ ಮಾಡಿ ನಿಜ ಹೇಳಿದ್ರೆ ಸಾಹೇಬ್ರು ಬಿಡಲ್ಲ, ಟ್ರಾನ್ಸ್‌ಫರ್, ಡಿಇ (ಇಲಾಖಾ ವಿಚಾರಣೆ), ಎಲ್ಲಾ ಬರುತ್ತೆ. ಸುಳ್ಳು ಹೇಳಿದ್ರೆ ನಿಮ್ಮ 229. ಪಿಎಸ್‌ಐ ಪಾಡು ಎರಡು ಕಡೆ ಬೆಂಕಿ ನಡುವೆ ನಿಂತಂಗೆ. ಮೇಲಿನೋರು ಮಾತ್ರ ಎಸಿ ರೂಮಲ್ಲಿ ಫೈಲ್ ಓದಿ ಎದ್ದು ಬರ್ತಾರೆ.

ಉತ್ತರ:

ಸಾರ್, ನೀವು ಬರೆದಿದ್ದು ಓದಿ ಒಂದು ಘಟನೆ ನೆನಪಾಯ್ತು, ಹೇಳ್ಬಿಡ್ತೀನಿ. ಸುಮಾರು ವರ್ಷದ ಹಿಂದೆ ಇಲ್ಲೇ ಬೆಂಗಳೂರಲ್ಲಿ ಒಂದು ಟ್ರಯಲ್, ನಾನು ಆರೋಪಿ ಪರ. ಹೆಡ್ ಕಾನ್‌ಸ್ಟೇಬಲ್ ಒಬ್ರು ಬಾಕ್ಸ್ ಹತ್ತಿದ್ರು, ಟೋಪಿ ಕಂಕುಳಲ್ಲಿ, ಅಟೆಂಡರ್ ಹೇಳಿಕೊಟ್ಟ ಹಾಗೆ "ಸತ್ಯವನ್ನೇ ಹೇಳುತ್ತೇನೆ" ಅಂದ್ರು. ಮಹಜರ್ ಟೈಮಲ್ಲಿ ನಾನೇ ಇದ್ದೆ ಅಂತ ಚೀಫಲ್ಲಿ, ಅಂದ್ರೆ ಸರಕಾರಿ ವಕೀಲರ ಪ್ರಶ್ನೆಗೆ, ಗಟ್ಟಿಯಾಗೇ ಹೇಳಿದ್ರು. ಕ್ರಾಸಲ್ಲಿ, ಅಂದ್ರೆ ನನ್ನ ಪಾಟೀ ಸವಾಲಲ್ಲಿ, ಠಾಣಾ ಡೈರಿ ತರಿಸಿ ಆ ತಾರೀಕಿನ ಪುಟ ಮುಂದಿಟ್ಟೆ. ಬೆರಳು ಇಟ್ಕೊಂಡು ಒಂದೊಂದೇ ಸಾಲು ಓದಿದ್ರು, ಅವರ ಹೆಸರಿನ ಮುಂದೆ ರಜೆ ಅಂತ ಇತ್ತು. ಬೆರಳು ಅಲ್ಲೇ ನಿಂತೋಯ್ತು. ಆಮೇಲೆ ಜಡ್ಜ್ ಕಡೆ ತಿರುಗಿ "ಸ್ವಾಮಿ, ಸಾಹೇಬ್ರು ಸಹಿ ಹಾಕು ಅಂದ್ರು, ಹಾಕ್ದೆ" ಅಂದ್ರು. ನಮ್ಮ ಕಕ್ಷಿದಾರ ಬಿಡುಗಡೆ ಆದ. ಇಲಾಖಾ ವಿಚಾರಣೆ ಆಗಿದ್ದು ಆ ಹೆಡ್ ಕಾನ್‌ಸ್ಟೇಬಲ್ ಮೇಲೆ. ಸಹಿ ಹಾಕು ಅಂದೋರನ್ನ ಯಾರೂ ಬಾಕ್ಸ್ ಹತ್ತಿಸ್ಲಿಲ್ಲ. ಕೇಸ್ ಗೆದ್ದು ಮನೆಗೆ ಬಂದೆ, ನಿದ್ದೆ ಬರ್ಲಿಲ್ಲ ನಂಗೆ.

ಅದಕ್ಕೇ ಹೇಳ್ತಿರೋದು, ಪ್ರಮಾಣ ಮೇಲಿಂದ ಶುರು ಆಗ್ಬೇಕು. ಮೊದಲ ದಿನ ಗೃಹ ಇಲಾಖೆ, ಕಮಿಷನರ್, ಡಿಸಿಪಿ, ಎಲ್ಲರೂ ಪ್ರಮಾಣದ ಮೇಲೆ ಬಂದೋಬಸ್ತ್ ಸ್ಕೀಮ್ ಯಾರು ಮಾಡಿದ್ರು, ಆದೇಶ ಯಾರು ಕೊಟ್ರು ಹೇಳ್ಲಿ. ವೈರ್‌ಲೆಸ್ ಲಾಗ್, ಡೈರಿ, ಕ್ಯಾಮೆರಾ ಫುಟೇಜ್ ಸಮಿತಿ ಕೈಗೆ ಬಂದ್ಮೇಲೆ ಪಿಎಸ್‌ಐ, ಕಾನ್‌ಸ್ಟೇಬಲ್ ಬರ್ಲಿ. ಕಾಗದ ಮುಂದಿದ್ರೆ ಕೆಳಗಿನೋನು ಒಬ್ಬನೇ ನಿಂತು ಸಾಹೇಬ್ರ ವಿರುದ್ಧ ಹೇಳ್ಬೇಕಾಗಿ ಬರಲ್ಲ, ಕಾಗದವೇ ಹೇಳುತ್ತೆ. ಬೆಂಗಳೂರಿನ ಸರಕಾರಿ ಜಮೀನು ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಅವರ ಜಂಟಿ ಸದನ ಸಮಿತಿ ವರದಿಗೆ ಇವತ್ತಿಗೂ ಬೆಲೆ ಇದೆ ಅಂದ್ರೆ ಸರ್ವೆ ನಂಬರ್ ಸಮೇತ ದಾಖಲೆ ಇಟ್ಟು ಮಾತಾಡಿದ್ದಕ್ಕೆ. ಇನ್ನೊಂದು, ಸಮಿತಿ ಮುಂದೆ ಸಾಕ್ಷಿ ಹೇಳಿದ್ದಕ್ಕೆ ಯಾರಾದ್ರೂ ಕಿರುಕುಳ ಕೊಟ್ರೆ ಅದೂ ಸದನದ ನಿಂದನೆಯೇ. ಟ್ರಾನ್ಸ್‌ಫರ್ ಬಂದ ದಿನವೇ ಸಮಿತಿಗೆ ಬರೆದು ತಿಳಿಸೋ ಹಕ್ಕು ಸಾಕ್ಷಿಗೆ ಇದೆ.

ಕಾಮೆಂಟ್, ಯಲಹಂಕದಿಂದ:

ಮೇಡಂ, ದೆಹಲಿಲಿ ಫೇಸ್‌ಬುಕ್ ಕೇಸಲ್ಲಿ ಸುಪ್ರೀಂ ಕೋರ್ಟು ಪೊಲೀಸ್ ವಿಷಯ ಸಮಿತಿ ಕೇಳೋ ಹಾಗಿಲ್ಲ ಅಂದಿತ್ತಲ್ವಾ, ಮತ್ತೆ ಇಲ್ಲಿ ಹೇಗೆ?

ಉತ್ತರ:

ಒಳ್ಳೇ ಪ್ರಶ್ನೆ. ಅಜಿತ್ ಮೋಹನ್ ಕೇಸ್, 2021ರ ಜುಲೈ. 2020ರ ದೆಹಲಿ ಗಲಭೆ ಬಗ್ಗೆ ಅಲ್ಲಿನ ವಿಧಾನಸಭೆ ಸಮಿತಿ ಫೇಸ್‌ಬುಕ್ ಇಂಡಿಯಾ ಮುಖ್ಯಸ್ಥ ಅಜಿತ್ ಮೋಹನ್ ಅವರನ್ನ ಕರೆದಿತ್ತು. ಸದಸ್ಯರಲ್ಲದೋರನ್ನೂ ಕರೀಬಹುದು ಅಂತ ಕೋರ್ಟ್ ಒಪ್ತು, ಆದ್ರೆ ಪೊಲೀಸು, ಕಾನೂನು ಸುವ್ಯವಸ್ಥೆ ಪ್ರಶ್ನೆಗೆ ಉತ್ತರ ಕೊಡದೇ ಇರಬಹುದು ಅಂತು, ಯಾಕಂದ್ರೆ ದೆಹಲಿಲಿ ಅವೆರಡೂ ಕೇಂದ್ರದ ಕೈಲಿದೆ. ಕರ್ನಾಟಕಕ್ಕೆ ಹಾಗಿಲ್ಲ, ಸಾರ್ವಜನಿಕ ಸುವ್ಯವಸ್ಥೆ ಮತ್ತೆ ಪೊಲೀಸ್ ರಾಜ್ಯ ಪಟ್ಟಿಯ 1 ಮತ್ತೆ 2ನೇ ನಮೂದು. ನಮ್ಮ ಸಮಿತಿ ಕೇಳಬಹುದು. ಸಮಿತಿ ಪ್ರಾಸಿಕ್ಯೂಟರ್ ಥರ ಆಡಬಾರದು ಅಂತ ಅದೇ ತೀರ್ಪಲ್ಲಿ ಇದೆ, ಅದು ಮಾತ್ರ ಎಲ್ಲರಿಗೂ ಅನ್ವಯ.

ಹೊರದೇಶದಲ್ಲೂ ಇದೇ ಜಗಳ. ಕೆನಡಾದಲ್ಲಿ ಅವರ ರಾಷ್ಟ್ರೀಯ ಪೊಲೀಸ್ ಪಡೆಯ ಡೆಪ್ಯುಟಿ ಕಮಿಷನರ್ ಬಾರ್ಬರಾ ಜಾರ್ಜ್ ಪಿಂಚಣಿ ನಿಧಿ ತನಿಖೆ ಬಗ್ಗೆ ಸಂಸತ್ ಸಮಿತಿಗೆ ದಾರಿ ತಪ್ಪಿಸೋ ಹೇಳಿಕೆ ಕೊಟ್ರು ಅಂತ 2008ರಲ್ಲಿ ಸಂಸತ್ತು ನಿಂದನೆ ಅಂತ ಘೋಷಿಸ್ತು, ಬೇರೆ ಶಿಕ್ಷೆ ಕೊಡ್ಲಿಲ್ಲ. ಅಲ್ಲಿ ನಿಂತಿದ್ದು ಮೇಲಿನ ಅಧಿಕಾರಿ ಅನ್ನೋದನ್ನ ನೋಡಿ.

ಪ್ರಶ್ನೆ ಕೇಳಿದವರು:

ಮೇಡಂ ಅಣ್ಣನಿಗೆ ಎಲ್ಲಾ ಓದಿ ಹೇಳ್ದೆ. ಗಲಾಟೆ ಬಗ್ಗೆ ಕೇಸೂ ಇದೆ ಕೋರ್ಟಲ್ಲಿ, ಇಲ್ಲಿ ಹೇಳಿದ್ದು ಅಲ್ಲಿ ತಿರುಗಿ ಬಿದ್ರೆ ಅಂತ ಕೇಳ್ತಿದ್ದಾನೆ.

ಉತ್ತರ:

ನಂಗೆ ನಿಜವಾಗ್ಲೂ ಚಿಂತೆ ಇರೋದು ಇಲ್ಲೇ. 1952ರ ವಿಚಾರಣಾ ಆಯೋಗ ಕಾಯ್ದೆ ಇದೆಯಲ್ಲ, ಅದರ 6ನೇ ಸೆಕ್ಷನ್ನಲ್ಲಿ ಆಯೋಗದ ಮುಂದೆ ಹೇಳಿದ ಮಾತನ್ನ ಅದೇ ಮನುಷ್ಯನ ವಿರುದ್ಧ ಸಿವಿಲ್ಲು ಕ್ರಿಮಿನಲ್ಲು ಎಲ್ಲೂ ಬಳಸೋ ಹಾಗಿಲ್ಲ ಅಂತಿದೆ, ಸುಳ್ಳು ಸಾಕ್ಷಿ ಕೇಸ್ ಒಂದು ಬಿಟ್ಟು. ಸದನ ಸಮಿತಿಗೂ ಅಂಥದ್ದೊಂದು ಸಾಲು ಬರಹದಲ್ಲಿ ಬರ್ಬೇಕು, ಪ್ರಮಾಣ ಕೇಳೋ ಶಾಸಕರೇ ಮೊದಲು ಅದನ್ನ ಮಾಡ್ಲಿ ಅಂತ ನನ್ನ ಬೇಡಿಕೆ. ಅಲ್ಲೀವರೆಗೆ ಅಣ್ಣ ಆರೋಪಿ ಆಗಿದ್ರೆ ಸಂವಿಧಾನದ 20(3) ಇದೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ, "ಈ ಪ್ರಶ್ನೆಗೆ ಉತ್ತರ ಕೊಡಲಾರೆ, ಕಾರಣ ಇದು" ಅಂತ ಗೌರವವಾಗಿ ದಾಖಲೆ ಮಾಡಿಸ್ಲಿ. ಮಾಹಿತಿದಾರರ ಹೆಸರು ಕೇಳಿದ್ರೂ ಅಷ್ಟೇ, ಕೋರ್ಟಲ್ಲೇ ಅದನ್ನ ಹೇಳು ಅಂತ ಬಲವಂತ ಇಲ್ಲ, ಹಳೇ ಸಾಕ್ಷ್ಯ ಕಾಯ್ದೆ 125, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 131. ಹೇಳಿಕೆ ಗೌಪ್ಯವಾಗಿಡಿ ಅಂತ ಶುರುವಲ್ಲೇ ಕೇಳ್ಲಿ, ಆದ್ರೂ ಬೇರೆ ಶಾಸಕರ ಕೈಗೆ ಹೋಗಬಹುದು ಅನ್ನೋದು ಮನಸ್ಸಲ್ಲಿರ್ಲಿ. ನೆನಪಿಲ್ಲದ್ದು ನೆನಪಿಲ್ಲ ಅನ್ಲಿ, ಅಂದಾಜಿನ ಮೇಲೆ ಟೈಮ್ ಹೇಳೋದು ಬೇಡವೇ ಬೇಡ.

ಸಮನ್ಸ್ ಬರೋತನಕ ಕಾಯ್ಬೇಡಿ. ಅವತ್ತಿನ ವೈರ್‌ಲೆಸ್ ಲಾಗ್, ಡೈರಿ, ಫುಟೇಜ್ ಅಳಿಸದೆ ಜೋಪಾನ ಮಾಡಿ ಅಂತ ನಾಳೆನೇ ಎಸಿಪಿ ಆಫೀಸಿಗೆ ಒಂದು ರಿಪೋರ್ಟ್ ಬರೆದು ಇನ್‌ವರ್ಡ್ ಮಾಡಿಸ್ಲಿ, ಸೀಲ್ ಹಾಕಿದ ಪ್ರತಿ ನೀವು ಮನೇಲಿಟ್ಕೊಳ್ಳಿ. ಅವರ ಫೋನಲ್ಲಿರೋ ಕಾಲ್ ಲಿಸ್ಟನ್ನ ಮುಟ್ಟಕ್ಕೇ ಹೋಗ್ಬಾರ್ದು, ಹಾಗೇ ಇರ್ಲಿ. ಇವತ್ತು ರಾತ್ರಿ ಬಿಸಿ ಇರೋವಾಗಲೇ ಊಟ ಮಾಡಿಸಿ ಅಣ್ಣಂಗೆ.