300 ಚದರ ಮೀಟರ್ ಹುಲ್ಲುಹಾಸಿಗೆ ಯಾವ ಮೋವರ್ ಸೂಕ್ತ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಹುಲ್ಲುಹಾಸಿಗೆ ಒಂದು ಮೋವರ್ ಕೊಳ್ಳಬೇಕೆಂದಿದ್ದೇನೆ. ಬಳಸಿ ಅನುಭವವಿರುವವರ ಸಲಹೆ ಬೇಕು. ಜಾಗ 20 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ 300 ಚದರ ಮೀಟರ್ ಇದೆ. ಬಹುಪಾಲು ಸಮತಟ್ಟು; ಹಿಂಬದಿಯ ಅಂಚಿನಲ್ಲಿ ಮಾತ್ರ ನೆಲ ಇಳಿಜಾರಾಗಿದ್ದು, ಮೂರು ಮರಗಳೂ ಅಲ್ಲಿಯೇ ಇವೆ. ಬಿಸಿಲು ಬೀಳುವ ಕಡೆ ಗರಿಕೆಯಂಥ ಸಣ್ಣ ಎಲೆಯ ಹುಲ್ಲು ಬೆಳೆದಿದೆ, ಮರದ ನೆರಳಿನಲ್ಲಿ ಅಗಲ ಎಲೆಯ ಹುಲ್ಲಿದೆ.

ಇದುವರೆಗೆ ಹೆಗಲಿಗೆ ತೂಗುಹಾಕಿಕೊಳ್ಳುವ, ನೈಲಾನ್ ದಾರದ ಬ್ರಷ್ ಕಟರ್‌ನಿಂದಲೇ ಹುಲ್ಲು ಸವರುತ್ತಿದ್ದೆ. ಸವರಿದ ದಿನ ಎಲ್ಲವೂ ಚೊಕ್ಕಟವಾಗಿಯೇ ಕಾಣುತ್ತದೆ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಇಡೀ ಹುಲ್ಲಿಗೆ ಕಂದು ಛಾಯೆ ಬಂದುಬಿಡುತ್ತದೆ. ಒಂದು ಎಸಳನ್ನು ಕಿತ್ತು ಹತ್ತಿರದಿಂದ ನೋಡಿದರೆ ಅದರ ತುದಿ ನೇರವಾಗಿ ತುಂಡಾಗಿರುವುದಿಲ್ಲ. ಹಳೆಯ ಬಟ್ಟೆಯನ್ನು ಹರಿದಾಗ ಅಂಚಿನಲ್ಲಿ ಉಳಿಯುವ ಎಳೆಗಳ ಹಾಗೆ ಬೆಳ್ಳಗೆ ನಾರುನಾರಾಗಿರುತ್ತದೆ. ಇದು ಹುಲ್ಲಿಗೆ ಬಂದಿರುವ ರೋಗವೋ, ಸವರುವ ರೀತಿಯ ದೋಷವೋ ತಿಳಿಯುತ್ತಿಲ್ಲ.

ಸಿಲಿಂಡರ್ ಮಾದರಿ ತೆಗೆದುಕೊಳ್ಳಲೋ, ರೋಟರಿ ಮಾದರಿಯೋ? ಕೈಯಿಂದ ತಳ್ಳುವುದು ಸಾಕೇ, ಅಥವಾ ಬ್ಯಾಟರಿ ಇಲ್ಲವೇ ಪೆಟ್ರೋಲ್ ಯಂತ್ರವೇ ಬೇಕೇ? ಮಾರುವವರು ಎಂಜಿನ್ನಿನ ಶಕ್ತಿಯ ಬಗ್ಗೆಯಷ್ಟೇ ಹೇಳುತ್ತಾರೆ. ಅದು ನಿಜಕ್ಕೂ ಅಷ್ಟು ಮುಖ್ಯವೇ?

ಉತ್ತರ 1

ನಿಮ್ಮ ಹುಲ್ಲಿಗೆ ರೋಗವಿರುವಂತೆ ಕಾಣುವುದಿಲ್ಲ. ನೈಲಾನ್ ದಾರಕ್ಕೆ ಅಲಗಿಲ್ಲ. ಅದು ಎಸಳನ್ನು ಹೊಡೆದು ಹರಿಯುತ್ತದೆ. ಹರಿದ ತುದಿಯಿಂದ ನೀರು ಹೆಚ್ಚು ಆವಿಯಾಗಿ, ಆ ಭಾಗ ಒಣಗಿ ಕಂದಾಗುತ್ತದೆ. ಮೊಂಡಾದ ಬ್ಲೇಡಿನ ಮೋವರ್ ಓಡಿಸಿದರೂ ಇದೇ ಲಕ್ಷಣ ಕಾಣುತ್ತದೆ ಎಂಬುದನ್ನು ಈಗಲೇ ನೆನಪಿನಲ್ಲಿಟ್ಟುಕೊಳ್ಳಿ. ಮಾರುವವರು ಹೇಳುವ ಶಕ್ತಿಗಿಂತ ಅಲಗಿನ ಹರಿತವೇ ಹುಲ್ಲಿಗೆ ಮುಖ್ಯ.

ಸಿಲಿಂಡರ್ ಮತ್ತು ರೋಟರಿಯ ನಡುವಿನ ವ್ಯತ್ಯಾಸ ತಿಳಿದರೆ ಆಯ್ಕೆ ಅರ್ಧ ಮುಗಿದಂತೆ. ಸಿಲಿಂಡರ್ ಮೋವರ್ ಕತ್ತರಿಯ ಹಾಗೆ ಕೆಲಸ ಮಾಡುತ್ತದೆ: ಸುರುಳಿಯಾಗಿ ಬಾಗಿದ ಐದಾರು ಅಲಗುಗಳು ಉರುಳುತ್ತ, ಕೆಳಗೆ ಅಲುಗಾಡದೆ ನಿಂತಿರುವ ಒಂದು ಪಟ್ಟಿಗೆ ಹುಲ್ಲನ್ನು ಒತ್ತಿ ಕತ್ತರಿಸುತ್ತವೆ. ಮೋವರ್‌ನ ಹುಟ್ಟೂ ಇದೇ ತತ್ತ್ವದಲ್ಲಿದೆ. ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬವರು, ಉಣ್ಣೆಯ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮನಾಗಿ ಸವರುವ ಗಿರಣಿಯ ಯಂತ್ರವನ್ನು ನೋಡಿ, ಅದೇ ಉಪಾಯವನ್ನು ಹುಲ್ಲಿಗೆ ಅಳವಡಿಸಿ 1830ರಲ್ಲಿ ಪೇಟೆಂಟ್ ಪಡೆದರು. ರೋಟರಿ ಮೋವರ್‌ನ ರೀತಿ ಬೇರೆ. ಅದರಲ್ಲಿ ನೆಲಕ್ಕೆ ಸಮಾನಾಂತರವಾಗಿ ಗಿರಗಿರನೆ ತಿರುಗುವ ಒಂದೇ ಬ್ಲೇಡು ಬೀಸಿದ ಕುಡುಗೋಲಿನಂತೆ ವೇಗದಿಂದಲೇ ಕೊಯ್ಯುತ್ತದೆ. ಆಚೆಯಿಂದ ಒತ್ತುಕೊಡುವ ಇನ್ನೊಂದು ಅಲಗು ಇರುವುದಿಲ್ಲ.

ಹರಿತವಾಗಿರುವ ಸಿಲಿಂಡರ್ ಕೊಡುವ ಅಚ್ಚುಕಟ್ಟನ್ನು ಬೇರೆ ಯಾವುದೂ ಕೊಡಲಾರದು, ಗರಿಕೆಗೆ ಅದು ಹೇಳಿಮಾಡಿಸಿದಂತಿದೆ. ಆದರೆ ಅದಕ್ಕೆ ಸಮನಾದ ನೆಲ ಬೇಕು, ವಾರಕ್ಕೊಮ್ಮೆಯಾದರೂ ತಪ್ಪದೆ ಕತ್ತರಿಸುವ ಶಿಸ್ತೂ ಬೇಕು. ಎತ್ತರಕ್ಕೆ ಬೆಳೆದ ಹುಲ್ಲು ಅಲಗಿಗೆ ಸಿಗುವ ಮೊದಲೇ ಮುಂದಕ್ಕೆ ಬಾಗಿ, ಯಂತ್ರ ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಮರದಿಂದ ಬಿದ್ದ ಬೆರಳು ದಪ್ಪದ ಕಡ್ಡಿಯೊಂದು ಸಿಕ್ಕಿಕೊಂಡರೂ ಚಕ್ರ ಅಲ್ಲೇ ನಿಂತುಬಿಡುತ್ತದೆ. ಮರಗಳಿವೆ, ಎರಡು ಬಗೆಯ ಹುಲ್ಲಿದೆ ಎಂದಿದ್ದೀರಿ. ಆದ್ದರಿಂದ ನಿಮಗೆ ರೋಟರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎತ್ತರದ ವಿಷಯಕ್ಕೆ ಬಂದರೆ, ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಹುಲ್ಲು ತನ್ನ ಆಹಾರವನ್ನು ಎಲೆಯಲ್ಲಿಯೇ ತಯಾರಿಸಿಕೊಳ್ಳುವುದರಿಂದ, ಎಲೆ ಏಕಾಏಕಿ ಹೋದರೆ ಬೇರಿನ ಬೆಳವಣಿಗೆಯೂ ಕುಂಠಿತವಾಗುತ್ತದೆ, ತೆರವಾದ ನೆಲಕ್ಕೆ ಬಿಸಿಲು ಬಿದ್ದು ಕಳೆ ಮೊಳೆಯುತ್ತದೆ. ಗರಿಕೆಯನ್ನು ರೋಟರಿಯಲ್ಲಿ 3ರಿಂದ 4 ಸೆಂಟಿಮೀಟರ್‌ಗೆ ಇಟ್ಟುಕೊಳ್ಳಬೇಕೆಂದರೆ, ಅದು 4.5ರಿಂದ 6 ಸೆಂಟಿಮೀಟರ್ ತಲುಪಿದಾಗಲೇ ಯಂತ್ರ ಹೊರಗೆ ಬರಬೇಕು. ನೆರಳಿನ ಅಗಲ ಎಲೆಯ ಹುಲ್ಲಿಗೆ ಬೆಳಕು ಕಡಿಮೆ ಸಿಗುವುದರಿಂದ ಅದನ್ನು 6ರಿಂದ 8 ಸೆಂಟಿಮೀಟರ್‌ವರೆಗೂ ಬಿಡಿ. ಹೀಗಾಗಿ ನಾಲ್ಕೂ ಚಕ್ರಗಳ ಎತ್ತರವನ್ನು ಒಂದೇ ಹಿಡಿಯಿಂದ ಬದಲಿಸಬಹುದಾದ ಮಾದರಿ ನಿಮಗೆ ತುಂಬ ಅನುಕೂಲ. ಹಿಡಿಯ ಮೇಲೆ ಬರೆದಿರುವ ಅಂಕಿಯನ್ನು ಪೂರ್ತಿ ನಂಬಬೇಡಿ. ಗಟ್ಟಿ ನೆಲದ ಮೇಲೆ ನಿಲ್ಲಿಸಿ, ವಿದ್ಯುತ್ ಸಂಪರ್ಕವನ್ನೋ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೋ ತೆಗೆದ ನಂತರ, ಬ್ಲೇಡಿನ ತುದಿಯಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಒಮ್ಮೆ ಅಳತೆಪಟ್ಟಿಯಿಂದ ನೋಡಿಕೊಳ್ಳಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಅಗಲ ಮತ್ತು ಶಕ್ತಿಯ ಮೂಲದ ಬಗ್ಗೆ ಮಾತ್ರ ಬರೆಯುತ್ತೇನೆ.

ಕತ್ತರಿಸುವ ಅಗಲವನ್ನು ಲೆಕ್ಕ ಹಾಕಿ ಆರಿಸಬಹುದು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತಬೇಕಾದ್ದರಿಂದ ಹತ್ತರಲ್ಲಿ ಒಂದು ಪಾಲು ಅಗಲವನ್ನು ಕಳೆಯಿರಿ. 40 ಸೆಂಟಿಮೀಟರ್ ಯಂತ್ರದಲ್ಲಿ ನಿಜವಾಗಿ ಸಿಗುವುದು 36. ನಿಮ್ಮ 300 ಚದರ ಮೀಟರಿಗೆ ಸುಮಾರು 830 ಮೀಟರ್ ನಡೆಯಬೇಕಾಗುತ್ತದೆ. 30 ಸೆಂಟಿಮೀಟರ್ ಯಂತ್ರವಾದರೆ ಅದು 1,100 ಮೀಟರ್ ದಾಟುತ್ತದೆ. 53 ಸೆಂಟಿಮೀಟರ್ ಆದರೆ 630ರ ಆಸುಪಾಸಿಗೆ ಇಳಿಯುತ್ತದೆ ನಿಜ, ಆದರೆ ಅದು ಭಾರವಾದ ಯಂತ್ರ. ಮರದ ಬುಡದಲ್ಲಿ ಹಿಂದೆ ಮುಂದೆ ತಿರುಗಿಸುವಾಗ ತೋಳು ಸೋಲುತ್ತದೆ. ಉಳಿಯುವುದು ಇನ್ನೂರು ಮೀಟರ್ ನಡಿಗೆ ಮಾತ್ರ. 40ರಿಂದ 43 ಸೆಂಟಿಮೀಟರ್ ನಿಮಗೆ ಸಾಕು.

ತಂತಿಯ ವಿದ್ಯುತ್ ಮೋವರ್ ಹಗುರವಾಗಿರುತ್ತದೆ, ನಿರ್ವಹಣೆಯೂ ಕಡಿಮೆ. ಆದರೆ ಮೂರು ಮರಗಳ ಸುತ್ತ 20 ಮೀಟರ್ ತಂತಿಯನ್ನು ಎಳೆದಾಡುವುದು ಸುಖದ ಕೆಲಸವಲ್ಲ. ಅದನ್ನೇ ಕೊಂಡರೆ, ಪ್ಲಗ್ ಇರುವ ಕಡೆಯಿಂದ ಆರಂಭಿಸಿ ದೂರಕ್ಕೆ ಸಾಗುತ್ತ ಹೋಗಿ, ತಂತಿ ಯಾವಾಗಲೂ ಕತ್ತರಿಸಿ ಮುಗಿದ ಬದಿಯಲ್ಲಿರಲಿ. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿದುಹಾಕುವ 30 ಮಿಲಿಆಂಪಿಯರ್‌ನ ರಕ್ಷಣಾ ಸ್ವಿಚ್ ಇಲ್ಲದೆ ಅದನ್ನು ಬಳಸಲೇಬೇಡಿ.

ಬ್ಯಾಟರಿ ಮೋವರ್‌ಗಳನ್ನು ಹೋಲಿಸುವಾಗ ವೋಲ್ಟ್ ಒಂದನ್ನೇ ನೋಡಿ ಮೋಸಹೋಗಬೇಡಿ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಗುವ ವ್ಯಾಟ್-ಅವರ್ ನಿಜವಾದ ಅಳತೆ. 36 ವೋಲ್ಟಿನ 4 ಆಂಪಿಯರ್-ಅವರ್ ಬ್ಯಾಟರಿ ಒಂದರಲ್ಲಿರುವುದು 144 ವ್ಯಾಟ್-ಅವರ್. 18 ವೋಲ್ಟಿನ 4 ಆಂಪಿಯರ್-ಅವರ್ ಬ್ಯಾಟರಿ ಎರಡನ್ನು ಹಾಕುವ ಯಂತ್ರದಲ್ಲಿಯೂ ಅಷ್ಟೇ ಇರುತ್ತದೆ. ದಟ್ಟ ಹುಲ್ಲು, ಒದ್ದೆ ಹುಲ್ಲು, ಮೊಂಡು ಬ್ಲೇಡು ಈ ಮೂರೂ ಬ್ಯಾಟರಿಯನ್ನು ಬೇಗ ಹೀರುತ್ತವೆ. ಬಳಸದ ತಿಂಗಳುಗಳಲ್ಲಿ ಅದನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಸುಮಾರು ಅರ್ಧ ಚಾರ್ಜಿನಲ್ಲಿ ತಂಪಾದ, ಒಣ ಜಾಗದಲ್ಲಿ ಇಡಬೇಕು.

ಪೆಟ್ರೋಲ್ ಯಂತ್ರ ಬಲಿಷ್ಠ, ಬಿಡುವಿಲ್ಲದೆ ಓಡುತ್ತದೆ. ಆದರೆ ಅದು ಆರೈಕೆ ಬೇಡುತ್ತದೆ: ಪ್ರತಿ ಸಲ ಎಂಜಿನ್ ಆಯಿಲ್ ಮಟ್ಟ ನೋಡಬೇಕು, ಏರ್ ಫಿಲ್ಟರ್ ಶುಚಿ ಮಾಡಬೇಕು, ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಬಾರದು. ಹಳಸಿದ ಪೆಟ್ರೋಲಿನ ಅಂಟು ಕಾರ್ಬ್ಯುರೇಟರಿನ ಸಣ್ಣ ರಂಧ್ರದಲ್ಲಿ ಕೂತರೆ, ಹಗ್ಗ ಎಷ್ಟು ಎಳೆದರೂ ಎಂಜಿನ್ ಚಾಲೂ ಆಗುವುದಿಲ್ಲ. 300 ಚದರ ಮೀಟರಿಗೆ ನಾನಾದರೆ ಬ್ಯಾಟರಿ ಯಂತ್ರವನ್ನೇ ಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರೋಟರಿ, ಸುಮಾರು 40 ಸೆಂಟಿಮೀಟರ್, ಬ್ಯಾಟರಿ ಎಂಬುದು ಈಗ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಇನ್ನು ಮೂರು ಸಂದೇಹಗಳಿವೆ. ಇಳಿಜಾರಿನಲ್ಲಿ ಓಡಿಸುವುದು ಹೇಗೆ? ಬ್ಲೇಡನ್ನು ಮನೆಯಲ್ಲಿಯೇ ಹರಿತ ಮಾಡಿಕೊಳ್ಳಬಹುದೇ? ಕತ್ತರಿಸಿದ ಹುಲ್ಲನ್ನು ಚೀಲದಲ್ಲಿ ಒಟ್ಟುಮಾಡಬೇಕೇ, ಅಲ್ಲಿಯೇ ಬಿಟ್ಟರೆ ಕೊಳೆತು ಹಾಸು ಹಾಳಾಗುವುದಿಲ್ಲವೇ?

ಉತ್ತರ 3

ಇಳಿಜಾರಿನಿಂದ ಆರಂಭಿಸುತ್ತೇನೆ. ಹೆಚ್ಚಿನ ಕೈಪಿಡಿಗಳು 15 ಡಿಗ್ರಿಗಿಂತ ಕಡಿದಾದ ಜಾಗದಲ್ಲಿ ಮೋವರ್ ಬೇಡವೆನ್ನುತ್ತವೆ. ಅದನ್ನು ಅಳೆಯುವುದು ಸುಲಭ: ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ಮೇಲ್ಭಾಗದ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಪಟ್ಟಿಯನ್ನು ಸಮನಾಗಿ ಹಿಡಿಯಿರಿ, ಇನ್ನೊಂದು ತುದಿಯಿಂದ ನೆಲಕ್ಕೆ 27 ಸೆಂಟಿಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ ಅದು 15 ಡಿಗ್ರಿ ಮೀರಿದೆ ಎಂದರ್ಥ. ಅಷ್ಟಿಲ್ಲದಿದ್ದರೆ, ತಳ್ಳುವ ಮೋವರ್ ಅನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಿ. ಮೇಲಿನಿಂದ ಕೆಳಕ್ಕೆ ನಡೆಸಿದರೆ ಕಾಲು ಜಾರಿ ಯಂತ್ರದ ಮೇಲೆ ಬೀಳುವ, ಕೆಳಗಿನಿಂದ ಮೇಲಕ್ಕೆ ತಳ್ಳುವಾಗ ಅದು ಹಿಂದಕ್ಕೆ ಉರುಳಿ ಪಾದದ ಮೇಲೆ ಬರುವ ಅಪಾಯವಿದೆ. ಒದ್ದೆ ಇಳಿಜಾರಿನಲ್ಲಿ ಬೇಡವೇ ಬೇಡ.

ಈ ಬ್ಲೇಡಿನ ಬಗ್ಗೆ ದಯವಿಟ್ಟು ಹಗುರವಾಗಿ ಯೋಚಿಸಬೇಡಿ. 50 ಸೆಂಟಿಮೀಟರ್ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ ಸುಮಾರು 280 ಕಿಲೋಮೀಟರ್ ವೇಗದಲ್ಲಿರುತ್ತದೆ. ಒಂದು ಬೆಣಚುಕಲ್ಲು ತಗುಲಿದರೆ ಗುಂಡಿನಂತೆ ಹಾರುತ್ತದೆ. ಅಮೆರಿಕದಲ್ಲಿ 1982ರ ಮಧ್ಯದಿಂದ ತಯಾರಾದ ನಡೆದು ತಳ್ಳುವ ರೋಟರಿ ಮೋವರ್‌ಗಳಲ್ಲಿ, ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕೆಂಬ ನಿಯಮವಿದೆ. ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ಹಿಡಿಕೆ ಬಿಟ್ಟು ನೋಡಿ. ಆ ಹಿಡಿಯನ್ನು ದಾರದಿಂದ ಕಟ್ಟಿ ಕೆಲಸ ಮಾಡುವವರನ್ನು ಕಂಡಿದ್ದೇನೆ. ಕಂಡಾಗಲೆಲ್ಲ ನಿಲ್ಲಿಸಿ ಬಿಚ್ಚಿಸಿದ್ದೇನೆ. ಆರಂಭಿಸುವ ಮೊದಲು ಒಂದು ಸುತ್ತು ನಡೆದು ಕಲ್ಲು, ಕಡ್ಡಿ, ನೀರಿನ ಪೈಪು, ಆಟಿಕೆ ಎಲ್ಲವನ್ನೂ ಹೆಕ್ಕಿ. ಮುಚ್ಚಿದ ಬೂಟು, ಉದ್ದ ಪ್ಯಾಂಟು, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು ಮನೆಯೊಳಗೇ ಇರಲಿ.

ಹರಿತ ಮಾಡುವುದನ್ನು ಖಂಡಿತ ಮನೆಯಲ್ಲಿ ಮಾಡಬಹುದು. ಮೊದಲು ಬ್ಯಾಟರಿಯನ್ನು ಹೊರತೆಗೆದು ದೂರ ಇಡಿ. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ. ಪೆಟ್ರೋಲ್ ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಿರಬೇಕು. ನಾನು ಒಮ್ಮೆ ಇದು ತಿಳಿಯದೆ ಇನ್ನೊಂದು ಬದಿಗೆ ಮಲಗಿಸಿದೆ. ಆಯಿಲ್ ಫಿಲ್ಟರಿಗೆ ಇಳಿದು, ಮತ್ತೆ ಚಾಲೂ ಮಾಡಿದಾಗ ಬಿಳಿ ಹೊಗೆ ತುಂಬಿತು, ಫಿಲ್ಟರನ್ನೇ ಬದಲಿಸಬೇಕಾಯಿತು. ಬ್ಲೇಡನ್ನು ಬಿಚ್ಚುವ ಮೊದಲು ನೆಲದ ಕಡೆಯ ಮುಖಕ್ಕೆ ಬಣ್ಣದ ಗುರುತು ಹಾಕಿ, ಇಲ್ಲವಾದರೆ ತಲೆಕೆಳಗಾಗಿ ಕೂಡಿಸುವ ಸಂಭವವಿದೆ. ದಪ್ಪ ಕೈಗವಸು ಹಾಕಿಕೊಂಡು, ವೈಸಿನಲ್ಲಿ ಬಿಗಿದು, ಮೊದಲಿದ್ದ ಓರೆಯನ್ನೇ ಅನುಸರಿಸಿ ಚಪ್ಪಟೆ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ. ಕ್ಷೌರದ ಬ್ಲೇಡಿನಷ್ಟು ತೆಳುವಾಗಬೇಕಿಲ್ಲ. ಅಷ್ಟು ತೆಳುವಾದ ಅಂಚು ಮೊದಲ ಕಡ್ಡಿಗೇ ಮಡಚಿಕೊಳ್ಳುತ್ತದೆ. ಅಡುಗೆಮನೆಯ ಚಾಕುವಿನ ಮಟ್ಟದ ಹರಿತ ಸಾಕು.

ಎರಡೂ ಬದಿ ಸಮನಾಗಿ ಉಜ್ಜಬೇಕು ಎಂಬುದು ಬಹುತೇಕರು ಬಿಟ್ಟುಬಿಡುವ ಮಾತು. ಗೋಡೆಗೆ ಒಂದು ಮೊಳೆ ಹೊಡೆದು ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ಸಿಕ್ಕಿಸಿ ಬಿಡಿ. ಅಡ್ಡಲಾಗಿ ಅಲುಗದೆ ನಿಂತರೆ ಸರಿ. ಒಂದು ತುದಿ ಕೆಳಗಿಳಿದರೆ ಆ ಬದಿ ಭಾರವಾಗಿದೆ, ಅಲ್ಲಿ ಇನ್ನಷ್ಟು ಉಜ್ಜಿ. ತೂಕ ತಪ್ಪಿದ ಬ್ಲೇಡು ಯಂತ್ರವನ್ನು ನಡುಗಿಸಿ ಬೇರಿಂಗನ್ನೇ ತಿಂದುಹಾಕುತ್ತದೆ. ಸುಮಾರು 25 ಗಂಟೆಗಳ ಕೆಲಸಕ್ಕೊಮ್ಮೆ ಹರಿತ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ, ಮಣ್ಣು ಮರಳು ಹೆಚ್ಚಿದ್ದರೆ ಇನ್ನೂ ಬೇಗ ಬೇಕಾಗುತ್ತದೆ. ಬಿರುಕು ಬಿಟ್ಟ ಅಥವಾ ಬಾಗಿದ ಬ್ಲೇಡನ್ನು ರಿಪೇರಿ ಮಾಡಲು ಹೋಗದೆ ಹೊಸದನ್ನು ಹಾಕಿ.

ಉತ್ತರ 4

ಕತ್ತರಿಸಿದ ಹುಲ್ಲಿನ ಬಗ್ಗೆ ನಿಮಗಿರುವ ಭಯ ಅನೇಕರಿಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ಹಾಸಿನ ಬುಡದಲ್ಲಿ ಸ್ಪಂಜಿನಂತೆ ಕಟ್ಟಿಕೊಳ್ಳುವ ಪದರ ಮುಖ್ಯವಾಗಿ ಸತ್ತ ಬೇರು, ಹಂಬು, ಕಾಂಡಗಳದ್ದು. ಅವು ನಿಧಾನವಾಗಿ ಕೊಳೆಯುತ್ತವೆ. ಎಸಳಿನ ತುಣುಕಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಅದು ಬೇಗ ಕರಗಿ, ತನ್ನಲ್ಲಿರುವ ಸಾರಜನಕವನ್ನು ಮಣ್ಣಿಗೆ ಹಿಂದಿರುಗಿಸುತ್ತದೆ. ಆ ಮಟ್ಟಿಗೆ ಗೊಬ್ಬರವೂ ಉಳಿಯುತ್ತದೆ. ತುಣುಕುಗಳನ್ನು ಮತ್ತೆ ಮತ್ತೆ ಕೊಚ್ಚಿ ಕೆಳಗುದುರಿಸುವ ಮಲ್ಚಿಂಗ್ ಬ್ಲೇಡು ಸಿಕ್ಕಿದರೆ ಒಳ್ಳೆಯದು. ಮೂರನೇ ಒಂದರ ನಿಯಮ ಪಾಲಿಸಿದರೆ ಸಾಮಾನ್ಯ ಬ್ಲೇಡಿನಲ್ಲೂ ತುಣುಕು ಚಿಕ್ಕದಾಗಿಯೇ ಬೀಳುತ್ತದೆ.

ಒಟ್ಟುಮಾಡಲೇಬೇಕಾದ ಸಂದರ್ಭಗಳೂ ಇವೆ. ಊರಿಗೆ ಹೋಗಿಬಂದು ನೋಡುವಾಗ ಹುಲ್ಲು ವಿಪರೀತ ಬೆಳೆದಿದ್ದರೆ, ಕಳೆ ಬೀಜ ಕಟ್ಟಿದ್ದರೆ, ಎಲೆಗಳಲ್ಲಿ ಶಿಲೀಂಧ್ರದ ಮಚ್ಚೆ ಹರಡಿದ್ದರೆ ಚೀಲ ಸಿಕ್ಕಿಸಿ. ಮುದ್ದೆಯಾಗಿ ಬಿದ್ದದ್ದನ್ನು ಹಾಗೆಯೇ ಬಿಟ್ಟರೆ ಅದರಡಿಯ ಹುಲ್ಲು ಹಳದಿಯಾಗುತ್ತದೆ. ಒದ್ದೆ ಹುಲ್ಲಿನಲ್ಲಿ ಇದೇ ಆಗುವುದು. ಆದ್ದರಿಂದ ಇಬ್ಬನಿ ಆರುವವರೆಗೆ ಕಾಯಿರಿ, ಸುಡುಬಿಸಿಲನ್ನೂ ತಪ್ಪಿಸಿ. ಸಂಜೆಯ ಮುಂಚಿನ ಹೊತ್ತು ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಒಂದು ಸಲ ಉದ್ದಕ್ಕೆ ನಡೆಸಿದರೆ ಮುಂದಿನ ಸಲ ಅಡ್ಡಕ್ಕೆ ನಡೆಸಿ. ಒಂದೇ ಜಾಡಿನಲ್ಲಿ ಚಕ್ರ ಹರಿದರೆ ಮಣ್ಣು ಅಲ್ಲಿ ಗಟ್ಟಿಯಾಗುತ್ತದೆ, ಹುಲ್ಲೂ ಒಂದೇ ಕಡೆ ಒರಗುತ್ತದೆ.

ಪ್ರಶ್ನೆ ಕೇಳಿದವರು

ಆರು ವಾರಗಳ ನಂತರ ಬರೆಯುತ್ತಿದ್ದೇನೆ. 41 ಸೆಂಟಿಮೀಟರ್‌ನ ಬ್ಯಾಟರಿ ರೋಟರಿ ಕೊಂಡೆ. ಇಳಿಜಾರನ್ನು ಪಟ್ಟಿ ಹಿಡಿದು ಅಳೆದಾಗ 16 ಸೆಂಟಿಮೀಟರ್ ಬಂತು, ಅಡ್ಡಲಾಗಿ ನಡೆಸುತ್ತಿದ್ದೇನೆ. ಬಿಸಿಲಿನ ಭಾಗಕ್ಕೆ 4, ಮರದಡಿಗೆ 7 ಸೆಂಟಿಮೀಟರ್ ಇಟ್ಟಿದ್ದೇನೆ. ಮೊದಲ ಸಲ ಹುಲ್ಲು 9 ಸೆಂಟಿಮೀಟರ್ ದಾಟಿದ್ದರಿಂದ ಒಂದೇ ಬಾರಿಗೆ ಇಳಿಸದೆ, ನಾಲ್ಕೈದು ದಿನಗಳ ಅಂತರದಲ್ಲಿ ಮೂರು ಹಂತಗಳಲ್ಲಿ ಇಳಿಸಿದೆ. ನಿನ್ನೆ ಕತ್ತರಿಸಿದ ಜಾಗದಿಂದ ಈ ಬೆಳಿಗ್ಗೆ ಒಂದು ಎಸಳು ಕಿತ್ತು ನೋಡಿದೆ. ತುದಿ ಕಾಗದ ಕತ್ತರಿಸಿದಂತೆ ನೇರವಾಗಿದೆ, ಕೊನೆಯವರೆಗೂ ಹಸಿರೇ ಇದೆ.